ಬಿದ್ದಾಗ ಮಗಳು ‘ಅಮ್ಮಾ’ ಅನ್ನಲಿಲ್ಲ, ‘ಔಚ್’ ಅಂದಳು

ಸಂಜೆಮಲ್ಲಿಗೆ ಕೇಳಿದ ಪ್ರಶ್ನೆ:

ಎಲ್ಲರಿಗೂ ನಮಸ್ಕಾರ. ಇಲ್ಲಿ ಸಿನಿಮಾ ಬಗ್ಗೆ ತಿಳಿದವರು ಜಾಸ್ತಿ ಇದ್ದೀರಿ, ಅದಕ್ಕೆ ಕೇಳುತ್ತಿದ್ದೇನೆ.

ನನ್ನ ಮಗಳಿಗೆ ಒಂಬತ್ತು ವರ್ಷ. ಹೋದ ವಾರ ಸೈಕಲ್‌ನಿಂದ ಬಿದ್ದಳು. ಮೊಣಕಾಲು ತರಚಿ ರಕ್ತ ಬಂತು. ನಾನು ಓಡಿದೆ. ಅವಳು ಕಾಲು ಹಿಡಿದುಕೊಂಡು ‘ಔಚ್’ ಅಂದಳು. ಅಮ್ಮಾ ಅನ್ನಲಿಲ್ಲ. ಅಯ್ಯೋ ಅನ್ನಲಿಲ್ಲ.

ಗಾಯಕ್ಕೆ ಮುಲಾಮು ಹಚ್ಚುವಾಗಲೂ ಆ ಶಬ್ದ ನನ್ನ ಕಿವಿಯಲ್ಲೇ ಇತ್ತು. ನೋವಾದಾಗ ಬಾಯಿಂದ ಬರುವ ಶಬ್ದವನ್ನು ಯಾರೂ ಕಲಿಸುವುದಿಲ್ಲ, ಅದು ತಾನಾಗೇ ಬರುತ್ತದೆ ಅಂತ ಇಷ್ಟು ದಿನ ಅಂದುಕೊಂಡಿದ್ದೆ. ಅದೂ ಕಲಿತೇ ಬರುತ್ತದೆ ಅಂತ ಅವತ್ತು ಗೊತ್ತಾಯಿತು. ಶಾಲೆಯಲ್ಲಿ ಇಂಗ್ಲಿಷ್ ಕಲಿಯುತ್ತಾಳೆ, ನಿಜ. ಆದರೆ ಪಾಠದ ಪುಸ್ತಕದಲ್ಲಿ ‘ಔಚ್’ ಇಲ್ಲ. ಅದು ಬಂದದ್ದು ದಿನಾ ಸಂಜೆ ನೋಡುವ ಅಮೆರಿಕದ ಕಾರ್ಟೂನ್ ಚಿತ್ರಗಳಿಂದ.

ಆಮೇಲೆ ಗಮನ ಕೊಟ್ಟು ನೋಡಲು ಶುರು ಮಾಡಿದೆ. ಗೊತ್ತಿಲ್ಲ ಅನ್ನೋದಕ್ಕೆ ಎರಡೂ ಭುಜ ಎತ್ತುತ್ತಾಳೆ. ಬೇಜಾರಾದರೆ ಕಣ್ಣುಗುಡ್ಡೆ ಮೇಲಕ್ಕೆ ತಿರುಗಿಸುತ್ತಾಳೆ. ಅವಳು ಕಥೆಗಳನ್ನೂ ಬರೆಯುತ್ತಾಳೆ. ಅವಳ ದೆವ್ವ ಯಾವಾಗಲೂ ಬೇಸ್‌ಮೆಂಟ್‌ನಲ್ಲೇ ಇರುತ್ತದೆ. ನಮ್ಮ ಮನೆಗೆ ಬೇಸ್‌ಮೆಂಟ್ ಇಲ್ಲ. ನಮಗೆ ಗೊತ್ತಿರುವ ಯಾರ ಮನೆಗೂ ಇಲ್ಲ.

ಆ ಚಿತ್ರಗಳು ಕೆಟ್ಟವು ಅಂತ ನಾನು ಹೇಳುತ್ತಿಲ್ಲ. ಅವಳ ಪಕ್ಕ ಕೂತು ನಾನೂ ನಕ್ಕಿದ್ದೇನೆ, ಅತ್ತಿದ್ದೇನೆ. ಬೇರೆ ಬೇರೆ ದೇಶಗಳು ಅಮೆರಿಕದ ಚಿತ್ರಗಳ ಅಬ್ಬರಕ್ಕೆ ಹೆದರಿ ಏನೇನೋ ಕಾನೂನು ಮಾಡಿವೆ ಅಂತ ಓದಿದ್ದೆ. ಅದರಿಂದ ನಿಜವಾಗಿ ಏನಾದರೂ ಉಳಿಯಿತಾ? ತಡೆಯುವುದು ಸರಿಯಾ? ದೇಶದ ಮಾತು ಬಿಡಿ, ಒಂದು ಮನೆಯೊಳಗೆ ಏನು ಮಾಡಬಹುದು?

ಹಳೇರೀಲು ಬರೆದದ್ದು:

ಮೇಡಂ, ನಾನು ಮೂವತ್ತು ವರ್ಷಕ್ಕೂ ಜಾಸ್ತಿ ಚಿತ್ರಮಂದಿರದಲ್ಲಿ ಪ್ರೊಜೆಕ್ಟರ್ ಓಡಿಸಿದವನು. ನಿಮ್ಮ ಪ್ರಶ್ನೆ ಓದಿದ ಮೇಲೆ ರಾತ್ರಿ ನಿದ್ದೆ ಬರಲಿಲ್ಲ. ನಾನು ಕಂಡದ್ದನ್ನು ಮೊದಲು ಹೇಳುತ್ತೇನೆ.

ಒಂದು ಸಲ ನಮ್ಮದೇ ಭಾಷೆಯ ಒಂದು ಸಣ್ಣ ಚಿತ್ರ ಬಂದಿತ್ತು. ಮೊದಲ ಮೂರು ದಿನ ಖಾಲಿ. ನಾಲ್ಕನೇ ದಿನದಿಂದ ಜನ ಬಾಯಿಂದ ಬಾಯಿಗೆ ಕೇಳಿ ಬರಲು ಶುರುವಾದರು. ಗುರುವಾರ ರಾತ್ರಿ ಆಟಕ್ಕೆ ಮುಕ್ಕಾಲು ಪಾಲು ಸೀಟು ತುಂಬಿತ್ತು. ಆದರೆ ಶುಕ್ರವಾರ ಅಮೆರಿಕದ ಒಂದು ದೊಡ್ಡ ಚಿತ್ರ ಬರುವುದು ತಿಂಗಳ ಹಿಂದೆಯೇ ನಿಗದಿಯಾಗಿತ್ತು. ಎರಡು ವಾರ ನಾಲ್ಕೂ ಆಟ ಕೊಡಬೇಕು ಅಂತ ಒಪ್ಪಂದ. ಆಟ ಮುಗಿದ ಮೇಲೆ ಆ ಸಣ್ಣ ಚಿತ್ರದ ರೀಲುಗಳನ್ನು ಒಂದೊಂದಾಗಿ ಡಬ್ಬಕ್ಕೆ ತುಂಬಿದೆ. ಕೆಳಗೆ ಬಂದಾಗ ಅದರ ನಿರ್ದೇಶಕರು ಮೆಟ್ಟಿಲ ಮೇಲೆ ಕೂತಿದ್ದರು. ‘ಚೆನ್ನಾಗಿ ಓಡ್ತಿತ್ತಲ್ವಾ?’ ಅಂತ ಅಷ್ಟೇ ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಅದಕ್ಕೇ ಹೇಳುತ್ತೇನೆ, ಇದನ್ನು ಜನರ ರುಚಿಯ ಪ್ರಶ್ನೆ ಅಂತ ಮಾತ್ರ ನೋಡಬೇಡಿ. ಇದು ಜಾಗದ ಪ್ರಶ್ನೆ. ಒಂದು ಪರದೆಗೆ ದಿನಕ್ಕೆ ಇಂತಿಷ್ಟೇ ಆಟ. ಒಬ್ಬರು ಕೂತರೆ ಇನ್ನೊಬ್ಬರು ಏಳಬೇಕು.

ಅಮೆರಿಕದವರು ಆ ಜಾಗ ಹಿಡಿದದ್ದು ಬರೀ ಒಳ್ಳೆಯ ಚಿತ್ರ ಮಾಡಿ ಅಲ್ಲ. 1914ಕ್ಕೆ ಮುಂಚೆ ಜಗತ್ತಿಗೆಲ್ಲ ಚಿತ್ರ ಕಳಿಸುತ್ತಿದ್ದದ್ದು ಫ್ರಾನ್ಸಿನ ಪಾಥೆಯಂಥ ಕಂಪನಿಗಳು. ಮೊದಲ ಮಹಾಯುದ್ಧ ಶುರುವಾಯಿತು. ಕೆಲಸದವರು ಸೈನ್ಯಕ್ಕೆ ಹೋದರು, ಸ್ಟುಡಿಯೋಗಳು ನಿಂತವು. ಆ ಖಾಲಿ ಜಾಗಕ್ಕೆ ಹಾಲಿವುಡ್ ಬಂತು. 1918ರಲ್ಲಿ ಅಮೆರಿಕದಲ್ಲಿ ವೆಬ್-ಪೊಮರೀನ್ ಅಂತ ಒಂದು ಕಾನೂನು ಬಂತು. ತಮ್ಮ ದೇಶದೊಳಗೆ ಪರಸ್ಪರ ಪೈಪೋಟಿ ಮಾಡಬೇಕಾದ ಕಂಪನಿಗಳು ಹೊರದೇಶದಲ್ಲಿ ಒಂದೇ ಕೂಟವಾಗಿ ವ್ಯಾಪಾರ ಮಾಡಬಹುದು ಅಂತ ಅದು ಬಿಟ್ಟುಕೊಟ್ಟಿತು. ದೊಡ್ಡ ಸ್ಟುಡಿಯೋಗಳು 1945ರಲ್ಲಿ ಅದೇ ಕಾನೂನಿನಡಿ ರಫ್ತಿಗೆ ಅಂತಲೇ ಒಂದು ಸಂಘ ಕಟ್ಟಿಕೊಂಡವು. ಇನ್ನೊಂದು ಪದ್ಧತಿ ಬ್ಲಾಕ್ ಬುಕಿಂಗ್. ಒಂದು ದೊಡ್ಡ ಚಿತ್ರ ಬೇಕಾದರೆ ಅದರ ಜೊತೆ ಕಣ್ಣಲ್ಲೂ ನೋಡದ ಹತ್ತಾರು ಚಿತ್ರಗಳನ್ನು ತೆಗೆದುಕೊಳ್ಳಬೇಕು. ಇದು ತಪ್ಪು ಅಂತ 1948ರಲ್ಲಿ ಅವರದೇ ಸುಪ್ರೀಂ ಕೋರ್ಟ್ ಹೇಳಿತು.

ಈಗ ಫ್ರಾನ್ಸ್ ಕಥೆ ಕೇಳಿ. ಎರಡನೇ ಯುದ್ಧ ಮುಗಿದಾಗ ಆ ದೇಶ ಸಾಲದಲ್ಲಿ ಮುಳುಗಿತ್ತು. 1946ರ ಮೇ ತಿಂಗಳಲ್ಲಿ ಫ್ರಾನ್ಸಿನ ಹಿರಿಯ ರಾಜಕಾರಣಿ ಲಿಯಾನ್ ಬ್ಲೂಮ್ ವಾಷಿಂಗ್ಟನ್‌ಗೆ ಹೋಗಿ ಅಮೆರಿಕದ ವಿದೇಶಾಂಗ ಕಾರ್ಯದರ್ಶಿ ಜೇಮ್ಸ್ ಬರ್ನ್ಸ್ ಜೊತೆ ಒಪ್ಪಂದಕ್ಕೆ ಸಹಿ ಹಾಕಿದರು. ಸಾಲ ಮನ್ನಾ ಆಯಿತು, ಹೊಸ ಸಾಲ ಸಿಕ್ಕಿತು. ಅದರ ಜೊತೆ ಚಿತ್ರಮಂದಿರದ ಬಾಗಿಲೂ ತೆರೆಯಬೇಕಾಯಿತು. ಪ್ರತಿ ಮೂರು ತಿಂಗಳಿಗೆ ನಾಲ್ಕೇ ವಾರ ಫ್ರೆಂಚ್ ಚಿತ್ರಗಳಿಗೆ ಮೀಸಲು, ಉಳಿದ ವಾರಗಳಲ್ಲಿ ಯಾರು ಬೇಕಾದರೂ ಬರಬಹುದು. ಚಿತ್ರರಂಗದವರು ಪ್ಯಾರಿಸ್‌ನ ಬೀದಿಗೆ ಇಳಿದರು. 1948ರಲ್ಲಿ ನಾಲ್ಕು ವಾರ ಐದಾಯಿತು.

ಆದರೆ ಅವರನ್ನು ಉಳಿಸಿದ್ದು ಆ ಒಂದು ವಾರ ಅಲ್ಲ ಅಂತ ನನ್ನ ಅಭಿಪ್ರಾಯ. ಅದೇ ವರ್ಷ ಟಿಕೆಟ್ ಮೇಲೆ ಒಂದು ತೆರಿಗೆ ತಂದು ಅದರ ಹಣವನ್ನು ಸ್ವಂತ ಚಿತ್ರಗಳಿಗೆ ಕೊಡಲು ಶುರು ಮಾಡಿದರು. ಈಗ ಅದು ಶೇ. 10.72. ಅಮೆರಿಕದ ಚಿತ್ರ ನೋಡಿದರೂ ಆ ಪಾಲು ಹೋಗುತ್ತದೆ. ಅಂದರೆ ಹೊರಗಿನ ಚಿತ್ರ ಎಷ್ಟು ಚೆನ್ನಾಗಿ ಓಡುತ್ತದೋ ಅಷ್ಟೂ ಹಣ ಮನೆಯ ಚಿತ್ರಕ್ಕೆ ಸೇರುತ್ತದೆ. ಯಾರನ್ನೂ ಬಾಗಿಲಲ್ಲಿ ನಿಲ್ಲಿಸಿಲ್ಲ. ಮೆಟ್ಟಿಲ ಮೇಲೆ ಕೂತಿದ್ದ ಆ ನಿರ್ದೇಶಕರಿಗೆ ಇಂಥದ್ದೊಂದು ಇದ್ದಿದ್ದರೆ ಅವರು ಇನ್ನೊಂದು ಚಿತ್ರ ಮಾಡುತ್ತಿದ್ದರು. ಮಾಡಲಿಲ್ಲ.

ಕಿಟಕಿಸೀಟು ಬರೆದದ್ದು:

ಹಳೇರೀಲು ಸರ್ ಬರೆದದ್ದಕ್ಕೆ ಗೌರವ ಇಟ್ಟುಕೊಂಡೇ ಒಂದೆರಡು ಮಾತು. ನನಗೆ ‘ರಾಷ್ಟ್ರೀಯ ಸಂಸ್ಕೃತಿಯ ರಕ್ಷಣೆ’ ಅನ್ನುವ ಮಾತು ಕೇಳಿದ ಕೂಡಲೇ ಭಯ ಆಗುತ್ತದೆ. ಯಾರ ಸಂಸ್ಕೃತಿ, ಯಾರು ರಕ್ಷಿಸುವವರು ಅಂತ ಮೊದಲು ಕೇಳಬೇಕು.

ಸ್ಪೇನ್ ನೋಡಿ. 1941ರಲ್ಲಿ ಸರ್ವಾಧಿಕಾರಿ ಫ್ರಾಂಕೋನ ಸರ್ಕಾರ ಹೊರಗಿನ ಚಿತ್ರಗಳೆಲ್ಲ ಸ್ಪ್ಯಾನಿಷ್‌ಗೆ ಡಬ್ ಆಗಲೇಬೇಕು ಅಂತ ಆಜ್ಞೆ ಮಾಡಿತು. ಭಾಷೆ ಉಳಿಸುವುದಕ್ಕೆ ಅಂತ ಹೇಳಿದರು. ನಿಜವಾಗಿ ಅದು ಸೆನ್ಸಾರ್ ಮಾಡುವವರ ಕೈಗೆ ಸಿಕ್ಕ ಒಳ್ಳೆಯ ಕತ್ತರಿ. 1953ರ ‘ಮೊಗಾಂಬೋ’ ಚಿತ್ರದಲ್ಲಿ ಮದುವೆಯಾದ ಹೆಣ್ಣು ಇನ್ನೊಬ್ಬನನ್ನು ಪ್ರೀತಿಸುತ್ತಾಳೆ. ಅದನ್ನು ಮುಚ್ಚುವುದಕ್ಕೆ ಸ್ಪ್ಯಾನಿಷ್ ಡಬ್ಬಿಂಗ್‌ನಲ್ಲಿ ಗಂಡ ಹೆಂಡತಿಯನ್ನೇ ಅಣ್ಣ ತಂಗಿ ಮಾಡಿಬಿಟ್ಟರು. ಅದೇ ಕಾಲಕ್ಕೆ ಆ ದೇಶದೊಳಗಿನ ಕ್ಯಾಟಲನ್, ಬಾಸ್ಕ್ ಭಾಷೆಗಳ ಬಾಯಿ ಕಟ್ಟಿದ್ದರು. ಒಂದು ಭಾಷೆಯ ರಕ್ಷಣೆ ಇನ್ನೆರಡರ ಕತ್ತು ಹಿಸುಕುವುದಾದರೆ ಅದು ಯಾವ ಲೆಕ್ಕ?

ಬ್ರಿಟನ್ನಿನದು ಇನ್ನೊಂದು ಪಾಠ. 1927ರ ಕಾನೂನಿನಲ್ಲಿ ಇಷ್ಟು ಪಾಲು ಬ್ರಿಟಿಷ್ ಚಿತ್ರ ತೋರಿಸಲೇಬೇಕು ಅಂತ ಮಾಡಿದರು. ವರ್ಷ ವರ್ಷ ಏರಿ ಆ ಪಾಲು ಶೇ. 20 ಮುಟ್ಟಬೇಕಿತ್ತು. ಏನಾಯಿತು? ಅಮೆರಿಕದ ಕಂಪನಿಗಳೇ ಅಲ್ಲಿ ಸಿಕ್ಕಷ್ಟು ಕಡಿಮೆ ದುಡ್ಡಲ್ಲಿ ಗಡಿಬಿಡಿಯಿಂದ ಚಿತ್ರ ಮಾಡಿಸಿ ಲೆಕ್ಕ ತುಂಬಿಸಿದವು. ಅವಕ್ಕೆ ‘ಕೋಟಾ ಕ್ವಿಕೀಸ್’ ಅಂತಲೇ ಹೆಸರು ಬಿತ್ತು. ಬ್ರಿಟಿಷ್ ಚಿತ್ರ ಅಂದರೆ ಕಳಪೆ ಅಂತ ಅವರ ಜನರೇ ಮೂಗು ಮುರಿಯುವ ಹಾಗಾಯಿತು. 1938ರಲ್ಲಿ ಕಾನೂನು ತಿದ್ದಿ, ಇಷ್ಟಾದರೂ ಖರ್ಚು ಮಾಡಿರಬೇಕು ಅಂತ ಸೇರಿಸಬೇಕಾಯಿತು.

ಮತ್ತೆ ನನ್ನ ಮಟ್ಟಿಗೆ ಹೇಳುವುದಾದರೆ, ಸಿನಿಮಾ ಅಂದರೆ ಏನು ಅಂತ ನನಗೆ ಕಲಿಸಿದ್ದೇ ಅಮೆರಿಕದ ಹಳೇ ಕಪ್ಪು-ಬಿಳುಪು ಚಿತ್ರಗಳು. ಅವುಗಳನ್ನು ಮಾಡಿದವರಲ್ಲಿ ಎಷ್ಟೋ ಜನ ಲೂಬಿಷ್, ಮುರ್ನೌ, ಫ್ರಿಟ್ಸ್ ಲಾಂಗ್, ಬಿಲ್ಲಿ ವೈಲ್ಡರ್ ಅವರ ಹಾಗೆ ಯುರೋಪಿನಿಂದ ಹೋದವರು. ಕೆಲವರು ಕೆಲಸಕ್ಕೆ ಹೋದರು, ಕೆಲವರು ಹಿಟ್ಲರನಿಂದ ತಪ್ಪಿಸಿಕೊಂಡು ಹೋದರು. ಅದನ್ನು ಪೂರಾ ‘ಅಮೆರಿಕದ್ದು’ ಅಂತ ಹೊರಗಿಡುವುದಕ್ಕೆ ನನ್ನ ಮನಸ್ಸು ಒಪ್ಪುವುದಿಲ್ಲ. ಮಗು ‘ಔಚ್’ ಅಂದರೆ ಅನ್ನಲಿ ಬಿಡಿ ಮೇಡಂ. ಭಾಷೆಗಳು ಹಾಗೇ ಅಲ್ವಾ ಬೆಳೆಯುವುದು?

ಹಳೇರೀಲು ಬರೆದದ್ದು:

ಸ್ಪೇನ್ ವಿಷಯ ಒಪ್ಪಿದೆ ತಮ್ಮಾ. ಕತ್ತರಿ ಹಿಡಿಯುವವರ ಕೈಗೆ ಈ ಕೆಲಸ ಹೋಗಲೇಬಾರದು. ಆದರೆ ಬ್ರಿಟನ್ ಒಂದನ್ನೇ ನೋಡಿ ಪರದೆಯ ಮೀಸಲಾತಿ ದಂಡ ಅನ್ನಬೇಡ. ಕೊರಿಯಾದಲ್ಲಿ ಏನಾಯಿತು ನೋಡು.

1988ರಲ್ಲಿ ಅಮೆರಿಕದ ಕಂಪನಿಗಳಿಗೆ ಅಲ್ಲಿ ನೇರವಾಗಿ ಚಿತ್ರ ಹಂಚಲು ಬಿಟ್ಟರು. 1993ರ ಹೊತ್ತಿಗೆ ಕೊರಿಯಾದ ಚಿತ್ರಗಳಿಗೆ ಅವರ ಸ್ವಂತ ಮಾರುಕಟ್ಟೆಯಲ್ಲಿ ಉಳಿದದ್ದು ಸುಮಾರು ಶೇ. 16. ಆದರೂ ವರ್ಷಕ್ಕೆ 146 ದಿನ ಸ್ವಂತ ಚಿತ್ರ ತೋರಿಸಬೇಕು ಅನ್ನುವ ನಿಯಮ ಬಿಟ್ಟಿರಲಿಲ್ಲ. ಅದನ್ನು ಕಡಿಮೆ ಮಾಡಿ ಅಂತ ಅಮೆರಿಕ ಒತ್ತಡ ಹಾಕಿದಾಗ 1999ರಲ್ಲಿ ಚಿತ್ರರಂಗದವರು ಬೀದಿಯಲ್ಲಿ ಕೂತು ತಲೆ ಬೋಳಿಸಿಕೊಂಡರು. ಕೊನೆಗೆ 2006ರ ಜುಲೈನಲ್ಲಿ ಅದು 73 ದಿನಕ್ಕೆ ಇಳಿಯಿತು, ವ್ಯಾಪಾರ ಒಪ್ಪಂದದ ಮಾತುಕತೆಗೋಸ್ಕರ. ನಟ ಚೊಯ್ ಮಿನ್-ಸಿಕ್ ಸರ್ಕಾರ ಕೊಟ್ಟಿದ್ದ ಪದಕವನ್ನೇ ವಾಪಸ್ ಕೊಟ್ಟರು. ಅಷ್ಟರೊಳಗೆ ಅವರ ಚಿತ್ರಗಳು ಅರ್ಧಕ್ಕಿಂತ ಜಾಸ್ತಿ ಮಾರುಕಟ್ಟೆ ಹಿಡಿದಿದ್ದವು.

ಮೀಸಲು ದಿನಗಳಿಂದಲೇ ಎಲ್ಲ ಆಯಿತು ಅಂತ ನಾನು ಹೇಳುವುದಿಲ್ಲ. 1984ರಲ್ಲೇ ಚಿತ್ರ ಕಲಿಸುವ ಸರ್ಕಾರಿ ಅಕಾಡೆಮಿ ತೆರೆದಿದ್ದರು. ಮುಂಚಿತವಾಗಿ ಚಿತ್ರ ಸೆನ್ಸಾರ್ ಮಾಡುವುದು ಸಂವಿಧಾನಕ್ಕೆ ವಿರುದ್ಧ ಅಂತ 1996ರಲ್ಲಿ ಅವರ ಕೋರ್ಟ್ ಹೇಳಿತು. ನೀನು ಹೇಳಿದ ಕತ್ತರಿ ಅಲ್ಲಿ ಕೆಳಗೆ ಬಿತ್ತು, ಪರದೆ ಮಾತ್ರ ಉಳಿಯಿತು. ಆ ಅಕಾಡೆಮಿಯಲ್ಲಿ ಕಲಿತ ಬಾಂಗ್ ಜೂನ್-ಹೋ ಅವರ ‘ಪ್ಯಾರಾಸೈಟ್’ 2020ರಲ್ಲಿ ಆಸ್ಕರ್‌ನ ಅತ್ಯುತ್ತಮ ಚಿತ್ರ ಆಯಿತಲ್ಲ. ಇಂಗ್ಲಿಷ್ ಅಲ್ಲದ ಚಿತ್ರಕ್ಕೆ ಅದು ಸಿಕ್ಕಿದ್ದು ಅದೇ ಮೊದಲು.

ಇನ್ನೊಂದು ವಿಷಯ. ಪರದೆಯ ಮೀಸಲಾತಿ ಏನೋ ಹೊಸ ಹಟ ಅಲ್ಲ. ದೇಶದೇಶಗಳ ನಡುವಿನ ವ್ಯಾಪಾರಕ್ಕೆ ಮಾಡಿಕೊಂಡ 1947ರ ಗ್ಯಾಟ್ ಒಪ್ಪಂದದ ನಾಲ್ಕನೇ ವಿಧಿಯಲ್ಲೇ ಚಿತ್ರಮಂದಿರಕ್ಕೆ ಅದು ಸಲ್ಲುತ್ತದೆ ಅಂತ ಬರೆದಿದ್ದಾರೆ. 2005ರಲ್ಲಿ ಯುನೆಸ್ಕೋದಲ್ಲಿ ಸಂಸ್ಕೃತಿಗಳ ವೈವಿಧ್ಯ ಕಾಪಾಡುವ ಒಪ್ಪಂದ ಮತಕ್ಕೆ ಬಂದಾಗ 148 ದೇಶಗಳು ಬೇಕು ಅಂದವು. ಬೇಡ ಅಂದದ್ದು ಎರಡೇ, ಅಮೆರಿಕ ಮತ್ತು ಇಸ್ರೇಲ್.

ಸಂಜೆಮಲ್ಲಿಗೆ ಬರೆದದ್ದು:

ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಮೆಟ್ಟಿಲ ಮೇಲೆ ಕೂತ ನಿರ್ದೇಶಕರ ವಿಷಯ ಓದಿ ಕಣ್ಣು ತುಂಬಿತು.

ಕಿಟಕಿಸೀಟು ಅವರೇ, ಭಾಷೆಗಳು ಹಾಗೇ ಬೆಳೆಯುವುದು ನಿಜ. ಆದರೆ ನನ್ನ ಮಗಳ ಹತ್ತಿರ ‘ಅಯ್ಯೋ’ ಕೂಡ ಇದ್ದು, ಜೊತೆಗೆ ‘ಔಚ್’ ಬಂದಿದ್ದರೆ ನಾನು ಈ ಪ್ರಶ್ನೆ ಕೇಳುತ್ತಲೇ ಇರಲಿಲ್ಲ. ಒಂದು ಸೇರಲಿಲ್ಲ, ಒಂದರ ಜಾಗಕ್ಕೆ ಇನ್ನೊಂದು ಬಂತು. ಹಳೇರೀಲು ಸರ್ ಹೇಳಿದ ಪರದೆಯ ಹಾಗೆ.

ಧ್ವನಿಗೂಡು ಬರೆದದ್ದು:

ಅಕ್ಕಾ, ನಾನು ಡಬ್ಬಿಂಗ್‌ಗೆ ಸಂಭಾಷಣೆ ಬರೆಯುವವಳು. ಹನ್ನೊಂದು ವರ್ಷದಿಂದ ಇದೇ ಕೆಲಸ, ಮಕ್ಕಳ ಚಿತ್ರಗಳೇ ಜಾಸ್ತಿ. ‘ಔಚ್’ ಅನ್ನುವ ಶಬ್ದದ ಜೊತೆ ನಾನು ಎಷ್ಟು ಸಲ ಗುದ್ದಾಡಿದ್ದೇನೆ ಅಂದರೆ, ನಿಮ್ಮ ತಲೆಬರಹ ನೋಡಿದ ಕೂಡಲೇ ಬರೆಯಲೇಬೇಕು ಅನ್ನಿಸಿತು.

ನಮ್ಮ ಕೆಲಸದಲ್ಲಿ ಮೊದಲು ನೋಡುವುದು ತುಟಿ. ಪ, ಬ, ಮ ಬಂದ ಕಡೆ ತುಟಿ ಮುಚ್ಚುತ್ತದೆ. ಪಾತ್ರದ ತುಟಿ ಮುಚ್ಚಿದಾಗ ನಮ್ಮ ಮಾತಿನಲ್ಲೂ ಅಂಥ ಅಕ್ಷರ ಬಂದರೆ ನೋಡುವವರಿಗೆ ಅನುಮಾನವೇ ಬರುವುದಿಲ್ಲ. ತಪ್ಪಿದರೆ ಮಗು ಕೂಡ ಹಿಡಿಯುತ್ತದೆ. ಎರಡನೆಯದು ಉದ್ದ. ಇಂಗ್ಲಿಷ್‌ನಲ್ಲಿ ಪುಟ್ಟ ಪುಟ್ಟ ಮಾತು ಜಾಸ್ತಿ. ನಮ್ಮಲ್ಲಿ ಒಂದೇ ಪದಕ್ಕೆ ಬಾಲದ ಮೇಲೆ ಬಾಲ ಸೇರುತ್ತದೆ. ಮೂರನೆಯದು ಎಲ್ಲಕ್ಕಿಂತ ಕಷ್ಟ. ನಮ್ಮ ವಾಕ್ಯದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. ಪಾತ್ರ ‘ಓಡು’ ಅಂತ ಮೊದಲೇ ಹೇಳಿ ಆಮೇಲೆ ಕೈ ತೋರಿಸಿದರೆ, ನಾನು ಪೂರಾ ವಾಕ್ಯ ತಲೆಕೆಳಗು ಮಾಡಬೇಕು. ‘ಓಡು, ಆ ಕಡೆ, ಬೇಗ!’ ಅಂತ ಒಡೆದು ಬರೆಯುತ್ತೇನೆ. ನಾವು ನಿಜವಾಗಿ ಗಾಬರಿಯಾದಾಗ ಮಾತಾಡುವುದು ಹಾಗೇ ಅಂತ ಈ ಕೆಲಸದಲ್ಲಿ ಕಲಿತೆ.

ಈಗ ‘ಔಚ್’. ಮೊದಮೊದಲು ನಾನು ಅಲ್ಲಿ ‘ಅಮ್ಮಾ’ ಬರೆದೆ. ಕೂರಲಿಲ್ಲ. ಅಮ್ಮಾ ಅಂದಾಗ ನಡುವೆ ತುಟಿ ಮುಚ್ಚುತ್ತದೆ, ಪರದೆಯ ಮೇಲೆ ಬಾಯಿ ತೆರೆದೇ ಇರುತ್ತದೆ. ಕೆಲವರು ‘ಔಚ್ ಹಾಗೇ ಇರಲಿ ಬಿಡಿ, ಮಕ್ಕಳಿಗೆ ಗೊತ್ತು’ ಅಂದರು. ಬಹಳ ಚಿತ್ರಗಳಲ್ಲಿ ಹಾಗೇ ಬಿಟ್ಟೂ ಬಿಟ್ಟರು. ಒಂದು ದಿನ ಕನ್ನಡಿ ಮುಂದೆ ನಿಂತು ಎರಡನ್ನೂ ಹೇಳಿ ನೋಡಿದೆ. ‘ಔ’ ಅನ್ನುವಾಗ ಬಾಯಿ ಅಗಲ ತೆರೆದು ಕೊನೆಗೆ ತುಟಿ ದುಂಡಗಾಗುತ್ತದೆ. ‘ಅಯ್ಯೋ’ ಅಂದಾಗಲೂ ತೆರೆದು ಶುರುವಾಗಿ ದುಂಡಗೆ ಮುಗಿಯುತ್ತದೆ. ನಡುವೆ ತುಟಿ ಒಂದಕ್ಕೊಂದು ತಾಗುವುದೇ ಇಲ್ಲ. ಅವತ್ತಿನಿಂದ ಎಲ್ಲ ‘ಔಚ್’ ಜಾಗದಲ್ಲೂ ಅಯ್ಯೋ ಹಾಕುತ್ತಿದ್ದೇನೆ. ನೀವೂ ಹೇಳಿ ನೋಡಿ.

ನನ್ನ ನಂಬಿಕೆ ಇಷ್ಟು. ಮಗು ಹೊರಗಿನ ಚಿತ್ರ ನೋಡುತ್ತದೆ, ನೋಡಲಿ. ಆದರೆ ನೋಡುವ ಆ ಎರಡು ಗಂಟೆ ಅದರ ಕಿವಿಗೆ ಅದರದೇ ಭಾಷೆ ಬೀಳಲಿ. ಐಸ್‌ಲ್ಯಾಂಡ್‌ನಲ್ಲಿ ಇದಕ್ಕಾಗಿ ಮಂತ್ರಿಯೇ ಪತ್ರ ಬರೆದರು. ಆ ದೇಶದ ಜನಸಂಖ್ಯೆ ನಾಲ್ಕು ಲಕ್ಷವೂ ಇಲ್ಲ. ಡಿಸ್ನಿಯ ಎಷ್ಟೋ ಚಿತ್ರಗಳಿಗೆ ಐಸ್‌ಲ್ಯಾಂಡಿಕ್ ಧ್ವನಿ ಮೊದಲೇ ತಯಾರಿತ್ತು, ಆದರೆ ಅವರ ಸ್ಟ್ರೀಮಿಂಗ್ ಸೇವೆಯಲ್ಲಿ ಹಾಕಿರಲಿಲ್ಲ. 2021ರಲ್ಲಿ ಸಂಸ್ಕೃತಿ ಮಂತ್ರಿ ಲಿಲ್ಯಾ ಆಲ್ಫ್ರೆಡ್ಸ್‌ಡೋಟಿರ್ ನೇರವಾಗಿ ಕಂಪನಿಗೆ ಕೇಳಿದರು, ಅವರು ಹಾಕುತ್ತೇವೆ ಅಂತ ಒಪ್ಪಿದರು. 2013ರಲ್ಲಿ ‘ಸ್ಟಾರ್ ವಾರ್ಸ್’ ಅಮೆರಿಕದ ಮೂಲನಿವಾಸಿಗಳ ನವಾಹೊ ಭಾಷೆಗೆ ಡಬ್ ಆಯಿತು. 2017ರಲ್ಲಿ ‘ಮೊವಾನಾ’ ನ್ಯೂಜಿಲೆಂಡಿನ ಮೂಲನಿವಾಸಿಗಳ ಮಾವೋರಿ ಭಾಷೆಗೆ. ಆ ಭಾಷೆಗಳನ್ನು ಮಕ್ಕಳ ಬಾಯಲ್ಲಿ ಉಳಿಸಬೇಕು ಅಂತ ಹೆಣಗುತ್ತಿರುವವರು ಹಾಲಿವುಡ್ ಚಿತ್ರವನ್ನೇ ಅದಕ್ಕೆ ಬಳಸಿಕೊಂಡರು.

ಹಾಗಂತ ಡಬ್ಬಿಂಗ್‌ನಿಂದಲೇ ಎಲ್ಲ ಆಗುವುದಿಲ್ಲ. ನಾನು ಮಾತು ಬದಲಿಸಬಲ್ಲೆ. ಬೇಸ್‌ಮೆಂಟ್ ಬದಲಿಸಲಾರೆ. ಅದು ಚಿತ್ರದಲ್ಲಿ ಕಾಣುತ್ತಿರುತ್ತದೆ. ನಮ್ಮ ಮನೆಗಳು ಪರದೆಯ ಮೇಲೆ ಬರಬೇಕಾದರೆ ಹಳೇರೀಲು ಸರ್ ಹೇಳಿದ ಹಾಗೆ ನಮ್ಮ ಚಿತ್ರಗಳೇ ಬೇಕು, ಅವಕ್ಕೆ ದುಡ್ಡು ಬೇಕು, ಎರಡನೇ ವಾರ ಬೇಕು.

ಮನೆಯಲ್ಲಿ ಮಾಡುವುದಕ್ಕೆ ಒಂದು ಆಟ ಹೇಳುತ್ತೇನೆ. ಮಗಳಿಗೆ ಇಷ್ಟವಾದ ಚಿತ್ರದ ಎರಡು ನಿಮಿಷದ ದೃಶ್ಯ ಹಾಕಿ ಸದ್ದು ಪೂರ್ತಿ ನಿಲ್ಲಿಸಿ. ಒಂದು ಪಾತ್ರ ಅವಳು, ಒಂದು ನೀವು. ತುಟಿ ನೋಡಿಕೊಂಡು ನಿಮ್ಮದೇ ಮಾತು ಹೇಳಿ.

ಸಂಜೆಮಲ್ಲಿಗೆ ಬರೆದದ್ದು (ಹತ್ತು ದಿನ ಬಿಟ್ಟು):

ಧ್ವನಿಗೂಡು ಅವರೇ, ಆಟ ಶುರು ಮಾಡಿದ್ದೇವೆ. ಮೊದಲ ದಿನ ಅವಳಿಗೆ ಸಿಟ್ಟು ಬಂತು. ನಾನು ಹೇಳಿದ ಮಾತು ಪಾತ್ರದ ಬಾಯಿ ಮುಚ್ಚಿದ ಮೇಲೂ ಮುಗಿದಿರಲಿಲ್ಲ. ‘ಅಮ್ಮಾ, ನೀನು ತುಂಬಾ ಉದ್ದ ಮಾತಾಡ್ತೀಯ’ ಅಂದಳು. ಈಗ ಅವಳೇ ನೋಟ್‌ಬುಕ್ ಇಟ್ಟುಕೊಂಡು ಬರೆಯುತ್ತಾಳೆ. ತುಟಿ ಮುಚ್ಚುವ ಕಡೆ ಒಂದು ಚುಕ್ಕಿ, ತೆರೆಯುವ ಕಡೆ ಒಂದು ಸೊನ್ನೆ. ಒಂದು ಪದ ಉದ್ದವಾದರೆ ಅದೇ ಅರ್ಥದ ಚಿಕ್ಕ ಪದ ಯಾವುದು ಅಂತ ಕೇಳುತ್ತಾಳೆ. ನನಗೂ ತಕ್ಷಣ ಹೊಳೆಯುವುದಿಲ್ಲ. ಫೋನ್ ಮಾಡಿ ಅಜ್ಜಿಯನ್ನು ಕೇಳುತ್ತಾಳೆ.

ಅಯ್ಯೋ ಸರಿಯಾಗಿ ಕೂರುತ್ತದೆ. ಕನ್ನಡಿ ಮುಂದೆ ಇಬ್ಬರೂ ನಿಂತು ನೋಡಿದೆವು.

ನಿನ್ನೆ ಅವಳದೇ ದೆವ್ವದ ಕಥೆಯನ್ನು ಸಣ್ಣ ವಿಡಿಯೋ ಮಾಡಬೇಕು ಅಂತ ಹೊರಟಳು. ಎಲ್ಲಿ ತೆಗೆಯುವುದು ಅಂತ ಮನೆಯೆಲ್ಲ ಸುತ್ತಿದಳು. ‘ನಮ್ಮನೇಲಿ ಬೇಸ್‌ಮೆಂಟೇ ಇಲ್ವಲ್ಲಮ್ಮಾ, ದೆವ್ವ ಎಲ್ಲಿರುತ್ತೆ?’ ಅಂತ ಕೇಳಿದಳು. ನಾನು ಏನೂ ಹೇಳಲಿಲ್ಲ. ಸ್ವಲ್ಪ ಹೊತ್ತು ಮೇಲೆ ನೋಡುತ್ತಾ ನಿಂತಿದ್ದು, ‘ಅಟ್ಟದಲ್ಲಿ’ ಅಂದಳು. ಈಗ ಅಟ್ಟದ ಮೇಲಿನ ಹಳೇ ಟ್ರಂಕ್ ಸರಿಸಿ ಜಾಗ ಮಾಡಿಕೊಟ್ಟಿದ್ದೇನೆ.

ಅವಳು ಕೇಳಲು ಹೇಳಿದ ಒಂದು ಪ್ರಶ್ನೆ ಇದೆ. ದೆವ್ವ ಬಾಯಿ ತೆರೆದು ಬಹಳ ಹೊತ್ತು ಮುಚ್ಚುವುದೇ ಇಲ್ಲವಂತೆ. ಪ, ಬ, ಮ ಬರದ ಹಾಗೆ ಅದಕ್ಕೆ ಏನು ಮಾತು ಬರೆಯಬಹುದು?